ಎರಡು ಊರಿನ ನಿವೃತ್ತಿ: ಆರೋಗ್ಯ ವಿಮೆ ಯಾವ ವಿಳಾಸಕ್ಕೆ?

ವರ್ತಕ ವೃತ್ತಿಯಲ್ಲಿ ನಿವೃತ್ತಿಯ ಆದೇಶಪತ್ರ ಬರುವುದಿಲ್ಲ. ದೀಪಾವಳಿಯ ಪಾಡ್ಯದಂದು ಹೊಸ ಖಾತೆಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವ ಕೈ ಒಂದು ವರ್ಷ ತಂದೆಯದಾಗಿದ್ದು, ಮರುವರ್ಷ ಮಗನದಾಗುತ್ತದೆ, ಅಷ್ಟೆ. ಅಲ್ಲಿಂದಾಚೆಗೆ ಹಿರಿಯರ ಬದುಕು ಎರಡು ಊರುಗಳ ನಡುವೆ ಹಂಚಿಹೋಗುವುದು ಈಗ ಸಾಮಾನ್ಯ ಸಂಗತಿಯಾಗಿದೆ. ದಾವಣಗೆರೆ, ಗದಗ, ಶಿರಸಿ ಅಥವಾ ರಾಯಚೂರಿನ ಸ್ವಂತ ಮನೆಯಲ್ಲಿ ಕೆಲವು ತಿಂಗಳು. ಬೆಂಗಳೂರಿನಲ್ಲಿ ಮಗನ ಅಥವಾ ಮಗಳ ಫ್ಲ್ಯಾಟಿನಲ್ಲಿ ಕೆಲವು ತಿಂಗಳು. ಸುಗ್ಗಿಗೆ, ಜಾತ್ರೆಗೆ, ಮಳಿಗೆಗಳ ಬಾಡಿಗೆ ವಸೂಲಿಗೆ ಊರು. ಮೊಮ್ಮಕ್ಕಳಿಗಾಗಿ, ಬೇಸಿಗೆಯ ಸೆಖೆ ತಪ್ಪಿಸಿಕೊಳ್ಳುವುದಕ್ಕಾಗಿ ಬೆಂಗಳೂರು. ಮತದಾರರ ಪಟ್ಟಿಯ ಹೆಸರು, ಬ್ಯಾಂಕ್ ಖಾತೆ, ಆಸ್ತಿಯ ಕಾಗದಪತ್ರ ಎಲ್ಲವೂ ಊರಿನಲ್ಲಿಯೇ ಉಳಿದಿರುತ್ತವೆ. ಆರೋಗ್ಯ ವಿಮೆಯ ಪಾಲಿಸಿಯೂ ಅದೇ ವಿಳಾಸಕ್ಕೆ ಬರುತ್ತದೆ. ತೊಂದರೆಯ ಮೂಲವಿರುವುದು ಈ ಕೊನೆಯ ಸಂಗತಿಯಲ್ಲಿ.

ಸರ್ಕಾರಿ ನೌಕರರಿಗೆ ನಿವೃತ್ತಿಯ ನಂತರವೂ ಏನಾದರೊಂದು ವ್ಯವಸ್ಥೆಯ ಆಸರೆ ಇರುವುದುಂಟು. ಕಾರ್ಖಾನೆಯ ಕಾರ್ಮಿಕನಿಗೂ ಒಂದು ದಾರಿಯಿದೆ. ಕನಿಷ್ಠ 5 ವರ್ಷ ಇಎಸ್‌ಐ ವಿಮೆಗೆ ಒಳಪಟ್ಟಿದ್ದು ನಿವೃತ್ತಿಯ ವಯಸ್ಸಿನಲ್ಲಿ ಕೆಲಸ ಬಿಟ್ಟವನು ವರ್ಷಕ್ಕೆ ಕೇವಲ 120 ರೂಪಾಯಿ ತುಂಬಿ, ತನಗೂ ತನ್ನ ಬಾಳಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಲು ಇಎಸ್‌ಐ ನಿಯಮಗಳು ಅವಕಾಶ ನೀಡಿವೆ. (ಈ ಸಂಗತಿಯನ್ನು ನಿವೃತ್ತರಾಗುವ ಕಾರ್ಮಿಕರಿಗೆ ತಿಳಿಸುವ ಮಾಲೀಕರು ವಿರಳ. ತಿಳಿಸುವುದಕ್ಕೆ ಖರ್ಚೇನೂ ಇಲ್ಲ.) ಆದರೆ ಅದೇ ಕಾರ್ಖಾನೆಯ ಮಾಲೀಕನಿಗೆ, ಅದೇ ಬೀದಿಯ ಅಂಗಡಿಕಾರನಿಗೆ ಇಂತಹ ಆಸರೆ ಯಾವುದೂ ಇಲ್ಲ. ಅವನು ತಾನೇ ಆರಿಸಿ, ತಾನೇ ಹಣ ಕಟ್ಟಿ ಪಡೆದ ಪಾಲಿಸಿಯೇ ಅವನ ಪಾಲಿಗೆ ಎಲ್ಲವೂ. ಆದುದರಿಂದ ಆಯ್ಕೆಯಲ್ಲಿ ತಪ್ಪಿದರೆ ಹೊಡೆತ ನೇರವಾಗಿ ಕುಟುಂಬದ ಬಂಡವಾಳದ ಮೇಲೆ, ಎಷ್ಟೋ ವೇಳೆ ಮಗನಿಗೆ ಒಪ್ಪಿಸಿದ ವ್ಯಾಪಾರದ ದುಡಿಯುವ ಬಂಡವಾಳದ ಮೇಲೆಯೇ ಬೀಳುತ್ತದೆ.

ವಿಮಾ ಕಂಪನಿಗಳಲ್ಲಿ ಅನೇಕವು ದೇಶವನ್ನು ವಲಯಗಳಾಗಿ ವಿಂಗಡಿಸಿ ಪ್ರೀಮಿಯಂ ನಿಗದಿಪಡಿಸುತ್ತವೆ. ಚಿಕಿತ್ಸಾ ವೆಚ್ಚ ಹೆಚ್ಚಿರುವ ಮಹಾನಗರಗಳು ಮೇಲಿನ ವಲಯದಲ್ಲಿ, ಜಿಲ್ಲಾ ಕೇಂದ್ರಗಳೂ ತಾಲ್ಲೂಕು ಪಟ್ಟಣಗಳೂ ಕೆಳಗಿನ ವಲಯದಲ್ಲಿ ಬರುತ್ತವೆ. ಬೆಂಗಳೂರನ್ನು ಒಂದು ಕಂಪನಿ ಮೊದಲನೆಯ ವಲಯಕ್ಕೆ ಸೇರಿಸಿದರೆ ಮತ್ತೊಂದು ಎರಡನೆಯದಕ್ಕೆ ಸೇರಿಸುತ್ತದೆ. ವಲಯಗಳನ್ನೇ ಮಾಡದ ಕಂಪನಿಗಳೂ ಇವೆ. ಕೆಳಗಿನ ವಲಯದ ಪಾಲಿಸಿ ಹೊಂದಿದವರು ಮೇಲಿನ ವಲಯದ ಆಸ್ಪತ್ರೆಗೆ ದಾಖಲಾದರೆ ಬಿಲ್ಲಿನ ಒಂದು ಭಾಗವನ್ನು ತಾವೇ ಭರಿಸಬೇಕಾಗುತ್ತದೆ. ಇದನ್ನು ಸಹಪಾವತಿ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಶೇ. 10ರಿಂದ 20ರಷ್ಟು. ಅಪಘಾತದ ಸಂದರ್ಭಗಳಿಗೆ ಕೆಲವು ಪಾಲಿಸಿಗಳಲ್ಲಿ ವಿನಾಯಿತಿ ಇರುವುದುಂಟು. ಹೃದಯ, ಮೂತ್ರಪಿಂಡ, ಕೀಲುಗಳ ಶಸ್ತ್ರಚಿಕಿತ್ಸೆಗೆ ಅಂತಹ ವಿನಾಯಿತಿಯನ್ನು ನಿರೀಕ್ಷಿಸುವಂತಿಲ್ಲ.

ಊರಿನ ವಿಳಾಸ ಕೊಟ್ಟರೆ ಪ್ರೀಮಿಯಂ ಕಡಿಮೆಯಾಗುತ್ತದೆಂಬ ಮಾತನ್ನು ಏಜೆಂಟರು ಬೇಗನೆ ಹೇಳುತ್ತಾರೆ. ಅದು ಸುಳ್ಳೇನೂ ಅಲ್ಲ. ವರ್ಷವಿಡೀ ಊರಿನಲ್ಲಿಯೇ ಇದ್ದು, ಅಲ್ಲಿನ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ಪಡೆಯುವವರಿಗೆ ಅದು ಯೋಗ್ಯವಾದ ಲೆಕ್ಕವೂ ಹೌದು. ಆದರೆ ಎರಡು ಮನೆಗಳ ನಡುವೆ ಓಡಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ವರ್ಷದಲ್ಲಿ ಎಷ್ಟು ತಿಂಗಳು ಎಲ್ಲಿರುತ್ತೇವೆ ಎಂಬುದಲ್ಲ. ದೊಡ್ಡ ಕಾಯಿಲೆ ಬಂದಾಗ ಎಲ್ಲಿ ದಾಖಲಾಗುತ್ತೇವೆ ಎಂಬುದು. ಊರಿನಲ್ಲಿ ಎಂಟು ತಿಂಗಳು, ಬೆಂಗಳೂರಿನಲ್ಲಿ ನಾಲ್ಕೇ ತಿಂಗಳು ಇರುವವರು ಕೂಡ ಹೃದಯದ ರಕ್ತನಾಳಕ್ಕೆ ಬೈಪಾಸ್ ಬೇಕೆಂದಾಗ ಮಕ್ಕಳಿರುವ ಕಡೆಗೇ ಹೋಗುತ್ತಾರೆ. ಶುಶ್ರೂಷೆಗೆ ಜನ ಬೇಕು, ರಾತ್ರಿ ಆಸ್ಪತ್ರೆಯಲ್ಲಿ ಮಲಗಲು ಒಬ್ಬರು ಬೇಕು. ಮಕ್ಕಳು ಬೆಂಗಳೂರಿನಲ್ಲಿದ್ದರೆ ಬೆಂಗಳೂರೇ ಚಿಕಿತ್ಸೆಯ ಊರು. ತಿಂಗಳುಗಳ ಎಣಿಕೆ ಅಲ್ಲಿ ನಿಲ್ಲುವುದಿಲ್ಲ.

ಕೋಣೆ ಬಾಡಿಗೆಯ ಮಿತಿಯೂ ಇದರ ಜೊತೆ ಸೇರಿದರೆ ಏನಾಗುತ್ತದೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದ ಮೂಲಕ ನೋಡಬಹುದು. ಪಾಲಿಸಿಯ ಮೊತ್ತ 5 ಲಕ್ಷ ರೂ. ಕೋಣೆ ಬಾಡಿಗೆಯ ಮಿತಿ ದಿನಕ್ಕೆ ಅದರ ಶೇ. 1, ಅಂದರೆ 5,000 ರೂ. ಊರಿನ ಆಸ್ಪತ್ರೆಗೆ ಅದು ಸಾಕು. ಬೆಂಗಳೂರಿನ ಆಸ್ಪತ್ರೆಯಲ್ಲಿ ಸಿಕ್ಕ ಕೋಣೆ ದಿನಕ್ಕೆ 10,000 ರೂ.ನದು ಎಂದಿಟ್ಟುಕೊಂಡರೆ, ಆರು ದಿನಕ್ಕೆ 60,000. ಶಸ್ತ್ರವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಇತ್ಯಾದಿ 2,00,000. ಔಷಧ, ಶರೀರದಲ್ಲಿ ಅಳವಡಿಸುವ ಸಾಧನ, ತಪಾಸಣೆ 1,40,000. ಒಟ್ಟು 4,00,000. ಮಿತಿಗಿಂತ ಎರಡು ಪಟ್ಟು ಬಾಡಿಗೆಯ ಕೋಣೆ ಹಿಡಿದ ಕಾರಣ ಕಂಪನಿ ಬಾಡಿಗೆಯಲ್ಲಿ ಅರ್ಧವನ್ನು ಮಾತ್ರ ಕೊಡುತ್ತದೆ. ಅಷ್ಟೇ ಅಲ್ಲದೆ, ಶಸ್ತ್ರವೈದ್ಯರ ಶುಲ್ಕವೇ ಮೊದಲಾದ ವೆಚ್ಚಗಳನ್ನೂ ಅದೇ ಪ್ರಮಾಣದಲ್ಲಿ ಅರ್ಧಕ್ಕೆ ಇಳಿಸುತ್ತದೆ. ಔಷಧ, ಸಾಧನ, ತಪಾಸಣೆಗಳಿಗೆ ಈ ಕಡಿತ ಅನ್ವಯಿಸುವುದಿಲ್ಲ. ಹೀಗೆ ಒಪ್ಪಿದ ಮೊತ್ತ 30,000, 1,00,000 ಮತ್ತು 1,40,000 ಸೇರಿ 2,70,000. ಅದರ ಮೇಲೆ ವಲಯದ ಸಹಪಾವತಿ ಶೇ. 20, ಅಂದರೆ 54,000 ಕಳೆದರೆ ಉಳಿಯುವುದು 2,16,000. ಕುಟುಂಬದ ಕೈಯಿಂದ ಹೋಗುವುದು 1,84,000 ರೂಪಾಯಿ. 5 ಲಕ್ಷದ ವಿಮೆ ಇದೆಯೆಂದು ನಂಬಿದ್ದವರು 4 ಲಕ್ಷದ ಬಿಲ್ಲಿನಲ್ಲಿ ಅರ್ಧದ ಸಮೀಪ ತಾವೇ ಕಟ್ಟಿದಂತಾಯಿತು. ಊರಿನ ವಿಳಾಸದಿಂದ ವರ್ಷಕ್ಕೆ ಉಳಿದ ಕೆಲವು ಸಾವಿರ ರೂಪಾಯಿಗಳನ್ನು ಇದರ ಎದುರು ಇಟ್ಟು ನೋಡಿದರೆ, ಕಿರ್ದಿ ಬರೆದು ಬಲ್ಲ ಯಾರಿಗೂ ಮತ್ತೆ ವಿವರಿಸಬೇಕಾಗಿಲ್ಲ.

ಆದುದರಿಂದ ಎರಡು ಮನೆಯವರು ಚಿಕಿತ್ಸೆಯ ಊರಿನ ವಲಯಕ್ಕೇ ಪ್ರೀಮಿಯಂ ಕಟ್ಟುವುದು ವಿವೇಕ. ಇದಕ್ಕಾಗಿ ಸುಳ್ಳು ವಿಳಾಸ ಕೊಡಬೇಕಾಗಿಲ್ಲ, ಕೊಡಲೂಬಾರದು. ಕೆಳಗಿನ ವಲಯದಲ್ಲಿ ವಾಸವಿದ್ದೂ ಮೇಲಿನ ವಲಯದ ಪ್ರೀಮಿಯಂ ಕಟ್ಟಲು ಹಲವು ಕಂಪನಿಗಳು ಅವಕಾಶ ನೀಡುತ್ತವೆ. ಪ್ರಸ್ತಾವನೆಯಲ್ಲಿ ವಾಸದ ಊರನ್ನು ನಿಜವಾಗಿ ನಮೂದಿಸಿ, ವಲಯವನ್ನು ಮೇಲಿನದಾಗಿ ಆರಿಸಿ, ಪಾಲಿಸಿ ಪತ್ರದಲ್ಲಿ ಆ ವಲಯದ ಹೆಸರು ಮುದ್ರಿತವಾಗಿದೆಯೇ ಎಂದು ನೋಡಿಕೊಳ್ಳಬೇಕು. ಕೋಣೆ ಬಾಡಿಗೆಗೆ ಮಿತಿಯಿಲ್ಲದ ಪಾಲಿಸಿ ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದೇ ಮೇಲು. ಪಾಲಿಸಿ ಕೈಸೇರಿದ ಮೇಲೆ ಷರತ್ತುಗಳು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಗ್ರಾಹಕನಿಗಿದೆ. ಆ 30 ದಿನಗಳಲ್ಲಿ ಪಾಲಿಸಿ ಪತ್ರವನ್ನು ಓದುವವರಿಗಿಂತ ಕಪಾಟಿನಲ್ಲಿ ಇಡುವವರೇ ಹೆಚ್ಚು.

ಈ ಖರ್ಚಿಗೆ ಹಣವೆಲ್ಲಿ ಎಂದು ಕೇಳುವವರಿಗೆ ಈಗ ಒಂದು ಉತ್ತರವಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿಯನ್ನು ತೆಗೆದುಹಾಕಲಾಗಿದೆ. ಉಳಿದ ಆ ಹಣವನ್ನು ಮೇಲಿನ ವಲಯಕ್ಕೆ ಅಥವಾ ಮೊತ್ತದ ಹೆಚ್ಚಳಕ್ಕೆ ಹಾಕುವುದು ಒಳ್ಳೆಯ ಉಪಯೋಗ. ಮೊತ್ತ ಹೆಚ್ಚಿಸಲು ಸೂಪರ್ ಟಾಪ್-ಅಪ್ ಪಾಲಿಸಿ ಅಗ್ಗದ ದಾರಿ: ವರ್ಷದ ಒಟ್ಟು ಆಸ್ಪತ್ರೆ ವೆಚ್ಚ ಒಂದು ಗೊತ್ತಾದ ಮೊತ್ತವನ್ನು, ಉದಾಹರಣೆಗೆ 5 ಲಕ್ಷವನ್ನು, ದಾಟಿದ ಮೇಲೆ ಅದು ಕೆಲಸ ಮಾಡುತ್ತದೆ. ಆದರೆ ಅದಕ್ಕೂ ವಲಯದ ಷರತ್ತು ಇದೆಯೇ ಎಂದು ನೋಡಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದಿರುವ ಹಿರಿಯ ನಾಗರಿಕರಿಗೆ 50,000 ರೂ.ವರೆಗಿನ ಪ್ರೀಮಿಯಂಗೆ ಆದಾಯದಲ್ಲಿ ಕಡಿತ ದೊರೆಯುತ್ತದೆ. ನಗದಾಗಿ ಕಟ್ಟಿದ ಪ್ರೀಮಿಯಂಗೆ ದೊರೆಯುವುದಿಲ್ಲ. ಗಲ್ಲಾಪೆಟ್ಟಿಗೆಯಿಂದಲೇ ತೆಗೆದು ಏಜೆಂಟರ ಕೈಗೆ ಕೊಡುವ ರೂಢಿಯವರು ಇದನ್ನು ನೆನಪಿಡುವುದು ಒಳ್ಳೆಯದು.

ಚಿಕಿತ್ಸೆಯ ಊರು ಎಂದಾಗ ಎಲ್ಲರೂ ಬೆಂಗಳೂರನ್ನೇ ನೆನೆಯಬೇಕಾಗಿಲ್ಲ. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ವಿಜಯಪುರದವರು ಸೊಲ್ಲಾಪುರಕ್ಕೆ, ಅಥಣಿ ಚಿಕ್ಕೋಡಿಯವರು ಮಿರಜಕ್ಕೆ, ಬೆಳಗಾವಿಯವರಲ್ಲಿ ಹಲವರು ಪುಣೆಗೆ ಹೋಗುವುದು ತಲೆಮಾರುಗಳಿಂದ ಬಂದ ರೂಢಿ. ಇನ್ನು ಕರಾವಳಿಯವರ ಲೆಕ್ಕ ತಿರುವುಮುರುವು: ಬೆಂಗಳೂರಿನಲ್ಲಿ ಮನೆಯಿದ್ದವರೂ ಚಿಕಿತ್ಸೆಗೆ ಮಂಗಳೂರು ಮಣಿಪಾಲಗಳನ್ನೇ ನಂಬುತ್ತಾರೆ, ಅಂತಹವರಿಗೆ ಬೆಂಗಳೂರಿನ ವಲಯದ ಪ್ರೀಮಿಯಂ ವ್ಯರ್ಥವೂ ಆಗಬಹುದು. ರಾಜ್ಯದ ಗಡಿ ದಾಟಿ ಚಿಕಿತ್ಸೆ ಪಡೆಯುವವರು ರಾಜ್ಯ ಸರ್ಕಾರದ ಯೋಜನೆಗಳನ್ನೇ ನೆಚ್ಚಿಕೊಳ್ಳುವಂತಿಲ್ಲ. 70 ವರ್ಷ ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸೆ ನೀಡುವ ಆಯುಷ್ಮಾನ್ ವಯ ವಂದನಾ ಕಾರ್ಡ್ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಖಾಸಗಿ ವಿಮೆ ಇದ್ದವರಿಗೂ ಅದರಲ್ಲಿ ಅಡ್ಡಿಯಿಲ್ಲ. ಆದರೆ ಜಾರಿಯ ಹೊಣೆ ರಾಜ್ಯಗಳ ಮೇಲಿರುವುದರಿಂದ, ಎರಡೂ ಊರುಗಳಲ್ಲಿ ಯಾವ ಆಸ್ಪತ್ರೆ ಆ ಕಾರ್ಡನ್ನು ವಾಸ್ತವವಾಗಿ ಸ್ವೀಕರಿಸುತ್ತದೆಂದು ಆಸ್ಪತ್ರೆಯ ಕಚೇರಿಯಲ್ಲಿಯೇ ವಿಚಾರಿಸಿಕೊಂಡು, ಅದನ್ನು ಖಾಸಗಿ ಪಾಲಿಸಿಯ ಜೊತೆಗಿನ ಆಸರೆಯಾಗಿ ಇರಿಸಿಕೊಳ್ಳುವುದು ಲೇಸು.

ನಗದುರಹಿತ ಚಿಕಿತ್ಸೆಯ ಜಾಲದಲ್ಲಿಯೂ ಇದೇ ಎಚ್ಚರ ಬೇಕು. ಜಾಲದ ಹೊರಗಿನ ಆಸ್ಪತ್ರೆಯಲ್ಲಿಯೂ ನಗದುರಹಿತ ಸೌಲಭ್ಯ ನೀಡುವ ವ್ಯವಸ್ಥೆಯನ್ನು ಸಾಮಾನ್ಯ ವಿಮಾ ಮಂಡಳಿಯು 2024ರ ಜನವರಿಯಲ್ಲಿ ಆರಂಭಿಸಿತು. ಪೂರ್ವನಿಗದಿತ ಚಿಕಿತ್ಸೆಗೆ 48 ಗಂಟೆ ಮೊದಲು, ತುರ್ತು ಸಂದರ್ಭದಲ್ಲಿ ದಾಖಲಾದ 48 ಗಂಟೆಗಳೊಳಗೆ ತಿಳಿಸಬೇಕೆಂಬುದು ಅದರ ನಿಯಮ. ಆದರೂ ಕಂಪನಿಯೊಡನೆ ಒಪ್ಪಂದವಿಲ್ಲದ ಆಸ್ಪತ್ರೆ ಇದಕ್ಕೆ ಒಪ್ಪಿದರೆ ಮಾತ್ರ ಇದು ಕಾಗದದಿಂದ ಕಾರ್ಯಕ್ಕೆ ಬರುತ್ತದೆ. ದರಗಳ ವಿಷಯದಲ್ಲಿ ಕಂಪನಿಗೂ ಆಸ್ಪತ್ರೆಗೂ ವೈಮನಸ್ಯ ಬಂದು ಜಾಲದ ಪಟ್ಟಿಯಿಂದ ಹೆಸರು ಬಿದ್ದುಹೋಗುವುದೂ ಉಂಟು. ವರ್ಷಕ್ಕೊಮ್ಮೆ, ನವೀಕರಣಕ್ಕೆ ಮುನ್ನ, ಎರಡೂ ಊರುಗಳ ತಲಾ ಎರಡು ಆಸ್ಪತ್ರೆಗಳ ಹೆಸರು ಪಟ್ಟಿಯಲ್ಲಿ ಇವೆಯೇ ಎಂದು ನೋಡಿಕೊಳ್ಳಲು ಹತ್ತು ನಿಮಿಷ ಸಾಕು.

ಎಲ್ಲಕ್ಕಿಂತ ಹೆಚ್ಚು ನಷ್ಟವಾಗುವುದು ಕಾಲದ ವಿಷಯದಲ್ಲಿ. ವ್ಯವಹಾರವನ್ನು ಮಗನಿಗೆ ಒಪ್ಪಿಸುವಾಗ ಜಿಎಸ್‌ಟಿ ನೋಂದಣಿ, ಬ್ಯಾಂಕಿನ ಸಾಲದ ಮಿತಿ, ಎಪಿಎಂಸಿ ಪರವಾನಗಿ, ಪಾಲುದಾರಿಕೆ ಪತ್ರ ಇವೆಲ್ಲದರ ಬಗ್ಗೆ ಲೆಕ್ಕಪರಿಶೋಧಕರೊಡನೆ ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಸಂಸ್ಥೆಯ ಸಮೂಹ ವಿಮೆಯಿಂದ ತಂದೆಯ ಹೆಸರು ಅಂದೇ ಹೊರಬೀಳುತ್ತದೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಸಮೂಹ ವಿಮೆಯಲ್ಲಿದ್ದವರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆಗೊಳ್ಳಲು ಅವಕಾಶವಿದೆ. ಹಾಗೆ ವರ್ಗಾವಣೆಗೊಂಡರೆ ಅಷ್ಟು ವರ್ಷ ಕಳೆದ ಕಾಯುವ ಅವಧಿಯ ಲಾಭ ಜೊತೆಗೇ ಬರುತ್ತದೆ. ಹೆಸರು ಬಿದ್ದುಹೋದ ಮೇಲೆ ಹೊಸದಾಗಿ ಕೊಂಡರೆ, ಮೊದಲೇ ಇದ್ದ ಸಕ್ಕರೆ ಕಾಯಿಲೆ ರಕ್ತದೊತ್ತಡಗಳಿಗೆ 36 ತಿಂಗಳವರೆಗೂ ಕಾಯಬೇಕಾಗಬಹುದು. 2024ರ ಏಪ್ರಿಲ್‌ವರೆಗೆ ಈ ಮಿತಿ 48 ತಿಂಗಳಿತ್ತು. ಅದು ಇಳಿದಿರುವುದು ಸಮಾಧಾನದ ಸಂಗತಿ. 65 ದಾಟಿದವರಿಗೂ ಪಾಲಿಸಿ ಕೊಳ್ಳುವ ದಾರಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಅದೇ ವರ್ಷ ತೆರೆಯಿತು. 2025ರ ಜನವರಿಯಿಂದ, 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದೊಡನೆ ಸಮಾಲೋಚಿಸಬೇಕು. ಇಷ್ಟಾದರೂ ಅರ್ಜಿದಾರನ ಆರೋಗ್ಯ ನೋಡಿ ನಿರಾಕರಿಸುವ ಅಧಿಕಾರ ಕಂಪನಿಯ ಕೈಯಲ್ಲಿಯೇ ಇದೆ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಕರೆದರೆಂದು ಅರ್ಥವಲ್ಲ.

ಆಗಲೇ ಊರಿನ ವಲಯದ ಪಾಲಿಸಿ ಇದ್ದವರು ನವೀಕರಣದ ಸಮಯದಲ್ಲಿ ವಲಯ ಬದಲಿಸಿಕೊಳ್ಳಬಹುದು, ಇಲ್ಲವೇ ಬೇರೆ ಕಂಪನಿಗೆ ಪಾಲಿಸಿಯನ್ನು ಒಯ್ಯಬಹುದು. ಒಯ್ಯುವುದಾದರೆ ನವೀಕರಣಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಸಲ್ಲಿಸಬೇಕು. ಹಳೆಯ ಮೊತ್ತದಷ್ಟಕ್ಕೆ ಮಾತ್ರ ಕಾಯುವ ಅವಧಿಯ ಲಾಭ ಮುಂದುವರಿಯುತ್ತದೆ. ಹೆಚ್ಚಿಸಿದ ಮೊತ್ತಕ್ಕೆ ಅವಧಿ ಹೊಸದಾಗಿ ಎಣಿಕೆಯಾಗುತ್ತದೆ. ಈ ಕೆಲಸವನ್ನು 58 ಅಥವಾ 60ರಲ್ಲಿ, ಇನ್ನೂ ಅಂಗಡಿಯಲ್ಲಿ ಕುಳಿತಿರುವಾಗಲೇ ಮಾಡಿ ಮುಗಿಸುವುದು ಸೂಕ್ತ. ವಾಣಿಜ್ಯ ಸಂಸ್ಥೆಗಳು ಸದಸ್ಯರಿಗಾಗಿ ಸಮೂಹ ವಿಮೆ ಮಾಡಿಸುವಾಗಲೂ, ಸದಸ್ಯತ್ವವನ್ನು ಮಗನಿಗೆ ವರ್ಗಾಯಿಸಿದ ಹಿರಿಯರು ಅದರಲ್ಲಿ ಮುಂದುವರಿಯಬಹುದೇ ಎಂಬ ಷರತ್ತನ್ನು ಮೊದಲು ಕೇಳಬೇಕು. ಇಪ್ಪತ್ತು ಮೂವತ್ತು ವರ್ಷ ಸದಸ್ಯರಾಗಿದ್ದವರು ವಿಮೆಯ ಅಗತ್ಯ ಅತಿ ಹೆಚ್ಚಿರುವ ವಯಸ್ಸಿನಲ್ಲಿಯೇ ಹೊರಗೆ ನಿಲ್ಲುವಂತಾಗುವುದು ನ್ಯಾಯವಲ್ಲ.

ಎರಡು ಊರಿನ ಬದುಕಿನಲ್ಲಿ ಇಬ್ಬರು ವೈದ್ಯರಿರುತ್ತಾರೆ. ಊರಿನ ವೈದ್ಯರಿಗೆ ರೋಗಿಯ ಇತಿಹಾಸವೆಲ್ಲ ಬಾಯಿಪಾಠ, ಚೀಟಿಯಲ್ಲಿ ಮಾತ್ರ ಎರಡೇ ಸಾಲು. ಬೆಂಗಳೂರಿನ ಆಸ್ಪತ್ರೆಯಲ್ಲಿ ದಾಖಲಾಗುವಾಗ ಕಿರಿಯ ವೈದ್ಯರೊಬ್ಬರು ಕೇಳಿದ ಪ್ರಶ್ನೆಗೆ ಮಗ ಅಂದಾಜಿನಲ್ಲಿ ‘ಹತ್ತು ವರ್ಷದಿಂದ ಬಿ.ಪಿ. ಇದೆ’ ಎನ್ನುತ್ತಾನೆ. ಆರು ವರ್ಷದ ಹಿಂದೆ ಏಜೆಂಟರು ತುಂಬಿದ ಪ್ರಸ್ತಾವನೆಯಲ್ಲಿ ‘ಯಾವ ಕಾಯಿಲೆಯೂ ಇಲ್ಲ’ ಎಂದಿರುತ್ತದೆ. ನಿರಂತರವಾಗಿ 60 ತಿಂಗಳು ನವೀಕರಿಸಿದ ಪಾಲಿಸಿಯನ್ನು ವಂಚನೆ ಸಾಬೀತಾಗದ ಹೊರತು ಮುಚ್ಚಿಟ್ಟ ಮಾಹಿತಿಯ ಕಾರಣಕ್ಕೆ ಪ್ರಶ್ನಿಸುವಂತಿಲ್ಲ; ಆರು ವರ್ಷದ ಪಾಲಿಸಿಗೆ ಅದು ರಕ್ಷೆ. ಮೂರೇ ವರ್ಷದ ಪಾಲಿಸಿಯಾಗಿದ್ದರೆ ಕ್ಲೇಮು ಅಲ್ಲಿಗೇ ನಿಲ್ಲುವ ಸಂಭವವಿದೆ. ಪ್ರಸ್ತಾವನೆಯನ್ನು ಸ್ವಂತ ಕೈಯಿಂದ ತುಂಬಿ, ನುಂಗುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ಬರೆದು, ಅದರ ಪ್ರತಿಯನ್ನು ಎರಡೂ ಮನೆಗಳಲ್ಲಿ ಇರಿಸುವುದು ಅಗತ್ಯ. ಕ್ಲೇಮು ತಿರಸ್ಕೃತವಾಗಿ, ಕಂಪನಿಗೆ ಕೊಟ್ಟ ಲಿಖಿತ ದೂರಿಗೂ ಒಂದು ತಿಂಗಳಲ್ಲಿ ಸಮಾಧಾನ ದೊರೆಯದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ದೂರುದಾರನ ವಾಸಸ್ಥಳದ ವ್ಯಾಪ್ತಿಯ ಕಚೇರಿಯಲ್ಲಿಯೂ ದೂರು ಸಲ್ಲಿಸಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ.

ಇನ್ನು ಎರಡನೆಯ ಮನೆ ಸಮುದ್ರದಾಚೆ ಇರುವವರ ಮಾತು. ಮಕ್ಕಳು ಅಮೆರಿಕದಲ್ಲಿದ್ದು, ಅಲ್ಲಿ ಐದಾರು ತಿಂಗಳು ಇಲ್ಲಿ ಐದಾರು ತಿಂಗಳು ಕಳೆಯುವ ವರ್ತಕ ದಂಪತಿಗಳು ಹುಬ್ಬಳ್ಳಿಯಲ್ಲಿಯೂ ಶಿವಮೊಗ್ಗದಲ್ಲಿಯೂ ಕಡಿಮೆಯೇನಿಲ್ಲ. ಇಲ್ಲಿನ ಸಾಧಾರಣ ಆರೋಗ್ಯ ಪಾಲಿಸಿ ಅಲ್ಲಿ ನಡೆಯುವುದಿಲ್ಲ. ಸಂದರ್ಶಕರ ವೀಸಾದಲ್ಲಿ ಹೋಗುವವರು ಕೊಳ್ಳುವ ಪ್ರವಾಸಿ ವಿಮೆ ಹಳೆಯ ಕಾಯಿಲೆಗಳನ್ನು ಬಹುತೇಕ ಹೊರಗಿಡುತ್ತದೆ. ಗ್ರೀನ್ ಕಾರ್ಡ್ ಪಡೆದವರು 65 ವರ್ಷ ತುಂಬಿ, ಅಲ್ಲಿ ಸತತ 5 ವರ್ಷ ವಾಸವಿದ್ದ ಮೇಲೆ ಅಲ್ಲಿನ ಸರ್ಕಾರದ ಮೆಡಿಕೇರ್ ವಿಮೆಯನ್ನು ಕೊಳ್ಳಬಹುದು. ಆದರೆ ತಾವಾಗಲಿ ಬಾಳಸಂಗಾತಿಯಾಗಲಿ ಅಲ್ಲಿ ದುಡಿದು ತೆರಿಗೆ ಕಟ್ಟಿರದಿದ್ದರೆ 2026ರ ದರದಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 565 ಡಾಲರ್, ವೈದ್ಯರ ಭಾಗಕ್ಕೆ 202.90 ಡಾಲರ್, ಒಬ್ಬೊಬ್ಬರಿಗೂ. ಅಷ್ಟು ಕಟ್ಟಿದರೂ ಆ ವಿಮೆ ಸಾಮಾನ್ಯವಾಗಿ ಅಮೆರಿಕದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಶಿವಮೊಗ್ಗದಲ್ಲಿ ಕಾಲು ಮುರಿದರೆ ಅದರಿಂದ ಒಂದು ಪೈಸೆಯೂ ಬಾರದು. ಮಗ ನ್ಯೂಜೆರ್ಸಿಯಲ್ಲಿ, ಮಗಳು ಟೆಕ್ಸಾಸಿನಲ್ಲಿ ಇದ್ದು ಎರಡೂ ಕಡೆ ಇರುವವರಿಗೆ ಸರ್ಕಾರವೇ ನೇರವಾಗಿ ನಡೆಸುವ ಮೂಲ ಮೆಡಿಕೇರ್ ಒಳ್ಳೆಯದು, ಏಕೆಂದರೆ ಮೆಡಿಕೇರ್ ಸ್ವೀಕರಿಸುವ ಯಾವ ರಾಜ್ಯದ ವೈದ್ಯರ ಬಳಿಯಾದರೂ ಅದು ನಡೆಯುತ್ತದೆ. ಖಾಸಗಿ ಕಂಪನಿಗಳ ಮೆಡಿಕೇರ್ ಅಡ್ವಾಂಟೇಜ್ ಅಗ್ಗವಾಗಿ ಕಂಡರೂ ಅದು ಒಂದು ಪ್ರದೇಶದ ಜಾಲಕ್ಕೆ ಕಟ್ಟುಬಿದ್ದದ್ದು; ಆ ಪ್ರದೇಶದಿಂದ ಆರು ತಿಂಗಳಿಗಿಂತ ಹೆಚ್ಚು ದೂರವಿದ್ದರೆ ಸಾಮಾನ್ಯವಾಗಿ ಹೆಸರನ್ನೇ ತೆಗೆದುಹಾಕುತ್ತಾರೆ.

ಇಂತಹವರಲ್ಲಿ ಕೆಲವರು ‘ಹೇಗೂ ವರ್ಷ ಒಂದೂವರೆ ವರ್ಷ ಇಲ್ಲಿ ಇರುವುದಿಲ್ಲವಲ್ಲ’ ಎಂದು ಇಲ್ಲಿನ ಪಾಲಿಸಿಯನ್ನು ನವೀಕರಿಸದೆ ಬಿಡುತ್ತಾರೆ. ವಾರ್ಷಿಕ ಪ್ರೀಮಿಯಂಗೆ ಸಿಗುವ ರಿಯಾಯಿತಿ ಅವಧಿ 30 ದಿನ ಮಾತ್ರ. ಅದು ಕಳೆದರೆ ಹದಿನೈದು ವರ್ಷ ಕಟ್ಟಿಕೊಂಡು ಬಂದ ಪಾಲಿಸಿಯೂ ಮುಗಿದಂತೆಯೇ. ಮರಳಿ ಬಂದು 68ರ ವಯಸ್ಸಿನಲ್ಲಿ ಹೊಸ ಅರ್ಜಿ, ಹೊಸ ತಪಾಸಣೆ, ಹೊಸ ಕಾಯುವ ಅವಧಿ. ಹೊರಡುವ ಮೊದಲು ಬ್ಯಾಂಕ್ ಖಾತೆಯಿಂದ ಪ್ರೀಮಿಯಂ ತಾನಾಗಿಯೇ ಕಡಿತವಾಗುವಂತೆ ಆದೇಶ ನೀಡಿ, ಆ ಖಾತೆಯಲ್ಲಿ ಹಣ ಇರಿಸಿ, ಕಂಪನಿಯ ಸೂಚನೆಗಳು ಊರಿನಲ್ಲಿ ಅಂಗಡಿ ನೋಡಿಕೊಳ್ಳುವ ಮಗನ ಮೊಬೈಲಿಗೂ ಬರುವಂತೆ ಅವನ ಸಂಖ್ಯೆಯನ್ನು ನೋಂದಾಯಿಸಿ ಹೋಗುವುದು ಒಂದು ಬೆಳಗಿನ ಕೆಲಸ.